ರೌಂಡ್ಸ್ ಮುಗಿದ ಮೇಲೆ

ಡಾಕ್ಟರ್ ರೌಂಡ್ಸ್ ಮುಗಿಸಿ ಹೋದ ಮೇಲೇ ಅಸಲಿ ಪ್ರಶ್ನೆಗಳು ಹೊರಗೆ ಬರೋದು. ಪಕ್ಕದ ಬೆಡ್ಡಿನ ತಾತನ ಜೊತೆಗಿದ್ದ ಅಜ್ಜಿಗೆ ಬಿಲ್ಲಿಂಗ್ ಕೌಂಟರಿನವರು ಇಂಗ್ಲಿಷಿನ ಎಸ್ಟಿಮೇಟ್ ಕೈಗಿಟ್ಟು ಕಳಿಸಿದ್ದರು. ಅದನ್ನು ಎಲೆಅಡಿಕೆ ಚೀಲಕ್ಕೆ ತುರುಕಿಕೊಂಡು ಸಿಸ್ಟರ್‌ಗೆ ಕೇಳಿದರು, "ಎಷ್ಟಾಗುತ್ತವ್ವಾ?"

ಸಿಸ್ಟರ್ ಡ್ರಿಪ್ ಸರಿಮಾಡುತ್ತಲೇ ಶುರುಮಾಡಿದರು: "ತಾತನ ಹಾರ್ಟಿನ ನಾಳ ಕಟ್ಟಿಕೊಂಡ ನಲ್ಲಿ ಪೈಪಿನ ಥರ ಆಗಿದೆ ಅಜ್ಜಿ. ಎದೆ ಕುಯ್ಯಲ್ಲ. ಕೈಯಿಂದ ಸಣ್ಣ ತಂತಿ ತೂರಿಸಿ, ಬಲೂನು ಉಬ್ಬಿಸಿ, ಸ್ಟೆಂಟ್ ಅನ್ನೋ ಸಣ್ಣ ಜಾಲರಿ ಕೊಳವೆ ಕೂರಿಸ್ತಾರೆ. ಬಿಪಿಎಲ್ ಕಾರ್ಡ್ ಇದ್ಯಲ್ಲ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಯವರಿಗೆಲ್ಲ ಸೇರಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಕಾರ್ಡು, ಆಧಾರ್ ಮಗನ ಕೈಲಿ ತರಿಸಿ."

ಇಷ್ಟೆಲ್ಲ ಹೇಳೋದು ಅವರ ಡ್ಯೂಟಿಯಲ್ಲಿದೆಯೋ ಇಲ್ಲವೋ, ಸಂಬಳದಲ್ಲಂತೂ ಇರಲಿಕ್ಕಿಲ್ಲ. ಎಪಿಎಲ್‌ನವರಿಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ ಸಿಗುತ್ತೆ ಅನ್ನೋದು ನನಗೂ ಅಲ್ಲೇ ಗೊತ್ತಾಗಿದ್ದು.