ಸ್ವೀಟ್ ಡಬ್ಬದಲ್ಲಿ ಸ್ಪಿಟ್‌ಫೈರ್

ಮೆಜೆಸ್ಟಿಕ್‌ನಲ್ಲಿ ದಾವಣಗೆರೆ ಬಸ್ ಹತ್ತುವಾಗ ನನ್ನ ಕೈಯಲ್ಲಿ ಒಂದು ಸ್ವೀಟ್ ಡಬ್ಬ ಇತ್ತು. ಪಕ್ಕದ ಸೀಟಿನ ಅಜ್ಜಿ ಅದನ್ನೇ ನೋಡುತ್ತಿದ್ದರು. ತುಮಕೂರು ದಾಟಿದ ಮೇಲೆ ಕೇಳಿಯೇಬಿಟ್ಟರು, "ಏನಪ್ಪಾ, ಮೈಸೂರ್‌ಪಾಕಾ?" ಮುಚ್ಚಳ ತೆಗೆದು ತೋರಿಸಿದೆ. ಹತ್ತಿಯ ಮೇಲೆ ಒಂದು ಗೇಣುದ್ದದ ಯುದ್ಧವಿಮಾನ ಮಲಗಿತ್ತು. ಅಜ್ಜಿ ಕಿಟಕಿ ಕಡೆ ತಿರುಗಿಕೊಂಡರು.

ಅಜ್ಜಿಯ ಊಹೆ ಪೂರ್ತಿ ತಪ್ಪಲ್ಲ. ಅದು ಮೈಸೂರು ಸ್ಪಿಟ್‌ಫೈರ್. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್‌ನ 129ನೇ ಸ್ಕ್ವಾಡ್ರನ್‌ಗೆ, ಅಂದರೆ ವಿಮಾನಗಳ ತುಕಡಿಗೆ, ಮೈಸೂರು ಸ್ಕ್ವಾಡ್ರನ್ ಅಂತ ಹೆಸರಿತ್ತು. ನಮ್ಮ ಸಂಸ್ಥಾನದಿಂದ ಯುದ್ಧಕ್ಕೆ ಹೋದ ಹಣದ ನೆನಪಿಗೆ ಇಟ್ಟ ಹೆಸರು. 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಅದು ಶುರುವಾಯಿತು. ಲಾಂಛನ ಯಾವುದು ಅಂತೀರಿ? ಗಂಡಭೇರುಂಡ! ನಾನು ಕೂತಿದ್ದ ಕೆಂಪು ಬಸ್ಸಿನ ಮೈಮೇಲೂ ಅದೇ ಎರಡು ತಲೆಯ ಹಕ್ಕಿ.

ಇದು ತಿಳಿದ ದಿನ ನನಗೆ ತಲೆ ನಿಲ್ಲಲಿಲ್ಲ. ಮಾದರಿ ವಿಮಾನ ಜೋಡಿಸೋದು ನನ್ನ ಹಳೇ ಹುಚ್ಚು. ಈ ಸಲ ವಿಮಾನದ ಮೂತಿಯ ಮೇಲೆ ಇಷ್ಟಗಲ ಗಂಡಭೇರುಂಡ ಬರೆಯಬೇಕು ಅಂದುಕೊಂಡೆ. ಆಮೇಲೆ ತಿಂಗಳುಗಟ್ಟಲೆ ಆ ಕಾಲದ ಫೋಟೊಗಳನ್ನು ನೋಡುತ್ತಾ ಕೂತಾಗ ಉತ್ಸಾಹ ಇಳಿಯಿತು. ಅಮೆರಿಕದ ಪೈಲಟ್‌ಗಳು ಚೀನಾದಲ್ಲಿ ತಮ್ಮ ವಿಮಾನಕ್ಕೆ ಶಾರ್ಕ್ ಬಾಯಿ ಬರೆದುಕೊಂಡರು. ಬ್ರಿಟಿಷ್ ಫೈಟರ್‌ಗಳಲ್ಲಿ ಅಂಥ ಮೆರೆದಾಟ ಕಮ್ಮಿ. ಲಾಂಛನ ಇದ್ದರೂ ಸಣ್ಣದು. ದೊಡ್ಡದಾಗಿ ಕಾಣುತ್ತಿದ್ದದ್ದು ಅಕ್ಷರಗಳು: ವಿಮಾನದ ಮೈಮೇಲೆ ದೇಶದ ಗುರುತಾಗಿ ಬರೆದ ಬಣ್ಣದ ವೃತ್ತದ ಒಂದು ಕಡೆ ಸ್ಕ್ವಾಡ್ರನ್ನಿನ ಎರಡು ಅಕ್ಷರ, ಇನ್ನೊಂದು ಕಡೆ ಆಯಾ ವಿಮಾನದ ಒಂದು ಅಕ್ಷರ. ಎತ್ತರ 24 ಇಂಚು. ಮೈಸೂರು ಸ್ಕ್ವಾಡ್ರನ್ನಿನ ಅಕ್ಷರಗಳು ಡಿ, ವಿ. ಆ ಎರಡು ಅಕ್ಷರದ ಸ್ಟಿಕ್ಕರನ್ನೇ ನಾನು ನೀರಲ್ಲಿ ಜಾಸ್ತಿ ಹೊತ್ತು ಬಿಟ್ಟು ಚೂರುಚೂರು ಮಾಡಿದ್ದೆ. ಮೂರನೆಯದು ಮಾತ್ರ ಸರಿಯಾಗಿ ಕೂತಿತ್ತು. ದಾವಣಗೆರೆಯ ನನ್ನ ಚಿಕ್ಕಪ್ಪನ ಮಗ ಫೋನಿನಲ್ಲಿ ನಕ್ಕ. "ಇಲ್ಲಿಗೆ ತಗೊಂಡು ಬಾ. ಲಾರಿ ನಂಬರ್ ಬರೆಯೋ ಅಣ್ಣ ಒಬ್ಬರಿದ್ದಾರೆ" ಅಂದ.

ಚಿತ್ರದುರ್ಗದಲ್ಲಿ ಇಳಿದು ಕೋಟೆಗೆ ಹೋದೆ. ಡಬ್ಬ ಹಿಡಿದುಕೊಂಡು ಏಳು ಸುತ್ತಿನ ಕೋಟೆ ಹತ್ತುವುದು ಬೇಡದ ಕೆಲಸ. ಒನಕೆ ಓಬವ್ವನ ಕಿಂಡಿಯಲ್ಲಿ ಡಬ್ಬ ಮೊದಲು ತಳ್ಳಿ, ಹಿಂದೆ ನಾನು ನುಸುಳಿದೆ. ಬಾಗಿಲ ಗೋಡೆಯಲ್ಲಿ ಕೆತ್ತಿದ ಏಳು ಹೆಡೆಯ ನಾಗರವನ್ನು ಮಾತ್ರ ತುಂಬಾ ಹೊತ್ತು ನೋಡಿದೆ. ಬರುವವರ ಕಣ್ಣಿಗೆ ಮೊದಲು ಬೀಳಲಿ ಅಂತಲೇ ಕೆತ್ತಿದ ಹಾಗಿತ್ತು. ಮೇಲಿಂದ ನೋಡಿದರೆ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು. 1941ರಲ್ಲಿ ದಾವಣಗೆರೆ ಇದೇ ಜಿಲ್ಲೆಯ ತಾಲ್ಲೂಕು. ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಈ ಕಡೆಯ ಶೇಂಗಾ, ಹತ್ತಿ ಬೆಳೆದವರ ಕಂದಾಯದ ನಾಲ್ಕು ಕಾಸೂ ಆ ವಿಮಾನಗಳಿಗೆ ಸೇರಿರಬಹುದು ಅಂತ ನನ್ನ ಲೆಕ್ಕ. ಅವರನ್ನು ಯಾರು ಕೇಳಿದ್ದರು ಬಿಡಿ.

ಮಾರನೇ ದಿನ ಬೆಳಿಗ್ಗೆ ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಪಿ.ಬಿ. ರಸ್ತೆಗೆ ಹೋದೆವು. ಅಣ್ಣನ ಅಂಗಡಿ ಅಂದರೆ ಒಂದು ತಗಡಿನ ಚಾವಣಿ, ಒಂದು ಸ್ಟೂಲು. ಪಕ್ಕದಲ್ಲೇ ರೇಡಿಯಂ ಕಟಿಂಗ್ ಅಂಗಡಿ ಬಂದು ಇವರ ಕೆಲಸ ಅರ್ಧ ಆಗಿದೆ. ವಿಮಾನವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಏನ್ ಬರೀಬೇಕ್ರೀ?"

"ಡಿ, ವಿ."

"ದಾವಣಗೆರೆ ಗಾಡಿ ಅನ್ರೀ ಹಂಗಾರೆ!"

ಕೆಎ 17 ಅಂದರೆ ದಾವಣಗೆರೆ, 16 ಅಂದರೆ ದುರ್ಗ ಅಂತ ದಿನಾ ಬರೆಯುವವರಿಗೆ ನಾನು ಇನ್ನೇನು ವಿವರಿಸಲಿ? ಬಣ್ಣದ ವಿಷಯದಲ್ಲಿ ಮಾತ್ರ ಎಡವಟ್ಟಾಯಿತು. ಅಕ್ಷರದ ಬಣ್ಣದ ಹೆಸರು 'ಸ್ಕೈ' ಅಂದೆ. ಅವರು ಸೊಗಸಾದ ಆಕಾಶನೀಲಿ ಕಲಸಿಟ್ಟರು. ಅಸಲಿಗೆ ಅದು ಹಸಿರು ಕಡೆ ವಾಲಿದ ಪೇಲವ ಬಣ್ಣ. "ಬಾತುಕೋಳಿ ಮೊಟ್ಟೆ ಥರ" ಅಂದೆ. "ಮೊದ್ಲೇ ಹಂಗ್ ಹೇಳೋದಲ್ರೀ" ಅಂತ ಬಿಳಿಗೆ ಚೂರು ಹಳದಿ, ಚೂರು ನೀಲಿ ಹಾಕಿದರು. ಎರಡೇ ನಿಮಿಷ. ನಾನು ಮನೆಯಲ್ಲಿ ನಾಲ್ಕು ಭಾನುವಾರ ಒದ್ದಾಡಿದ ಬಣ್ಣ!

ವಿಮಾನದ ಮೇಲ್ಮೈ ಬೂದು-ಹಸಿರು ಯಾಕೆ ಅಂತ ಕೇಳಿದರು. 1941ರ ಆಗಸ್ಟ್‌ವರೆಗೆ ಕಂದು-ಹಸಿರು ಇತ್ತು, ಮೇಲಿಂದ ನೋಡಿದರೆ ಹೊಲದ ಹಾಗೆ. ಜಗಳ ಸಮುದ್ರದ ಮೇಲೆ ಸಾಗಿದಾಗ ಕಂದು ಹೋಗಿ ಬೂದು ಬಂತು. "ಮತ್ತೆ ಬಾಲದ ಹತ್ರ ಈ ಪಟ್ಟಿ?" ಅದು ಅದೇ ಮೊಟ್ಟೆ ಬಣ್ಣದ 18 ಇಂಚಿನ ಪಟ್ಟಿ, ನಮ್ಮವರೇ ನಮ್ಮವರಿಗೆ ಗುಂಡು ಹಾರಿಸದಿರಲಿ ಅಂತ. ಬರ್ಮಾ ಕಡೆ ಇನ್ನೂ ಕಷ್ಟ. ಜಪಾನಿನ ಗುರುತು ಕೆಂಪು ಸೂರ್ಯ. ಗಡಿಬಿಡಿಯಲ್ಲಿ ಕಣ್ಣಿಗೆ ಕೆಂಪು ಬಿದ್ದರೆ ಸಾಕು, ಶತ್ರು ಅಂತಲೇ ತಿಳಿಯುವ ಅಪಾಯ. ಹಾಗಾಗಿ ಇಲ್ಲಿನ ವಿಮಾನಗಳ ವೃತ್ತದಿಂದ ಕೆಂಪನ್ನೇ ತೆಗೆದು, ಕಡುನೀಲಿ ಒಳಗೆ ತಿಳಿನೀಲಿ ಇಟ್ಟರು. ಇಂಫಾಲದಲ್ಲಿ ಹಾರಿದ ನಮ್ಮ ವಾಯುಪಡೆಯ ಹರಿಕೇನ್ ವಿಮಾನಗಳದ್ದೂ ಅದೇ ಗುರುತು.

1944ರ ಜೂನ್‌ನಲ್ಲಿ ಬ್ರಿಟನ್, ಅಮೆರಿಕದ ಸೈನ್ಯಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿಯುವ ಮುನ್ನ ಸಾವಿರಾರು ವಿಮಾನಗಳಿಗೆ ಅವಸರವಸರವಾಗಿ ಕಪ್ಪು-ಬಿಳಿ ಪಟ್ಟೆ ಬಳಿದ ಕಥೆ ಹೇಳಿದೆ. ಎಷ್ಟೋ ಕಡೆ ಕೈಯಲ್ಲೇ, ಬ್ರಷ್‌ನಲ್ಲೇ. ಅಂಚು ಸೊಟ್ಟ.

ಅಣ್ಣನ ಕೈ ನಿಂತಿತು. "ಸೊಟ್ಟ ಬಿಟ್ಟು ಕಳಿಸಿದ್ರಾ?"

"ದೂರಕ್ಕೆ ಕಂಡ್ರೆ ಸಾಕಿತ್ತು ಅಣ್ಣ."

"ಏನೇ ಆಗ್ಲಿ, ಅಂಚು ಅಂಚೇರೀ" ಅಂದು ಮತ್ತೆ ಬಗ್ಗಿದರು. ಒಂದೂಕಾಲು ಸೆಂಟಿಮೀಟರ್ ಎತ್ತರದ ಡಿ. ಆಮೇಲೆ ವಿ. ಸ್ಕೇಲ್ ಇಲ್ಲ, ಪೆನ್ಸಿಲ್ ಗೆರೆ ಇಲ್ಲ. ಎರಡೂ ಕಡೆ ಬರೆದು ಐವತ್ತು ರೂಪಾಯಿ ತಗೊಂಡರು. ಒಣಗಲು ಸಂಜೆಯಾಗುತ್ತೆ, ಡಬ್ಬಕ್ಕೆ ಹಾಕಬೇಡಿ, ಹತ್ತಿ ಅಂಟುತ್ತೆ ಅಂತ ಎರಡು ಸಲ ಹೇಳಿದರು.

ವಾಪಸ್ ಬಸ್ಸಿನಲ್ಲಿ ಹಿರಿಯೂರಿನವರೆಗೂ ವಿಮಾನದ ಮೂತಿಯನ್ನು ಎರಡು ಬೆರಳಲ್ಲಿ ಹಿಡಿದು ಕೂತಿದ್ದೆ. ಕಂಡಕ್ಟರ್ ಟಿಕೆಟ್ ಹರಿದು, ನನ್ನ ಕೈ ನೋಡಿ, ತಾವೇ ಅದನ್ನು ನನ್ನ ಜೇಬಿಗೆ ತುರುಕಿ ಮುಂದೆ ಹೋದರು.