ವಿಚಾರಿಸುವವರು ಇರುವ ಊರು

ಕೋಲಾರದ ಸುತ್ತಲಿನ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕಲು ಬರುವ ಹಿರಿಯರೊಬ್ಬರು ಎರಡು ದಿನ ಕಾಣಿಸದಿದ್ದರೆ, ಯಾರಾದರೂ ಮನೆಗೇ ಹೋಗಿ ವಿಚಾರಿಸಿ ಬರುತ್ತಾರೆ. ಮಕ್ಕಳು ಬೆಂಗಳೂರು ಸೇರಿ, ಹಸುವನ್ನೂ ಮಾರಿದ ಮನೆಗಳಲ್ಲಿ ಈ ವಿಚಾರಣೆಯೂ ನಿಂತುಹೋಗುತ್ತದೆ. ನನ್ನನ್ನು ಬಹಳ ಕಾಡುವುದು ಇದೇ. ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ ಸುಮಾರು 7,000 ವಯಸ್ಕರನ್ನು 9 ವರ್ಷಗಳ ಕಾಲ ಗಮನಿಸಿ, ಲೀಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ 1979ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಂಟು, ಸ್ನೇಹ, ಸಂಘಗಳ ಒಡನಾಟ ತೀರ ಕಡಿಮೆಯಿದ್ದವರಲ್ಲಿ ಸಾವಿನ ಸಂಭವ, ಒಡನಾಟ ಹೆಚ್ಚಿದ್ದವರಿಗಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು. ಧೂಮಪಾನ, ಮದ್ಯಪಾನ, ಸ್ಥೂಲಕಾಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಂತರ ಅಳಿಯಲಿಲ್ಲ. ಒಂಟಿತನದ ದೀರ್ಘಕಾಲದ ಒತ್ತಡ ನಿದ್ರೆಯನ್ನೂ ರಕ್ತದೊತ್ತಡವನ್ನೂ ಕೆಡಿಸುತ್ತದೆ ಎಂಬುದು ಒಂದು ಕಾರಣವಾದರೆ, ಮಾತ್ರೆ ಮುಗಿದಿದೆಯೇ ಎಂದು ಕೇಳುವವರು, ರಾತ್ರಿ ಎದೆನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ಯುವವರು ಇಲ್ಲದಿರುವುದು ಇನ್ನೊಂದು ಕಾರಣ. ನಂಬಿಕೆಯ ಮಾತೂ ಹಾಗೆಯೇ. ಆಶಾ ಕಾರ್ಯಕರ್ತೆಯನ್ನು ಅದೇ ಊರಿನಿಂದ ಆರಿಸುವ ನಿಯಮ ನನಗೆ ಬಹಳ ವಿವೇಕದ್ದೆನಿಸುತ್ತದೆ: ಅಪರಿಚಿತರ ಮುಂದೆ ಬಾಯಿಬಿಡದ ಅಜ್ಜಿ, ಪಕ್ಕದ ಬೀದಿಯ ಹೆಣ್ಣುಮಗಳ ಮುಂದೆ ತನ್ನ ನೋವನ್ನು ಹೇಳಿಕೊಳ್ಳುತ್ತಾಳೆ, ಅವಳು ಕರೆದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೊರಡುತ್ತಾಳೆ.