ಅಂಬಾಸಿಡರ್‌ಗೆ ತಂಪು ಗಾಳಿ

ಭಾನುವಾರ, 9 ಮಾರ್ಚ್ 2025
ಬೆಂಗಳೂರು

ಬೇಸಿಗೆ ಶುರುವಾದಾಗಿನಿಂದ ನಮ್ಮ ಅಂಬಾಸಿಡರ್ ಮಾರ್ಕ್ 2 ಮಧ್ಯಾಹ್ನ ಆದರೆ ಸಾಕು, ಪಿಕಪ್ಪೇ ಕೊಡುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟರೆ ಯಾವ ತಕರಾರೂ ಇಲ್ಲ. ಪ್ಲಗ್, ಪಾಯಿಂಟ್, ಟೈಮಿಂಗ್ ಎಲ್ಲ ನೋಡಿಯಾಗಿತ್ತು. ಉಳಿದಿದ್ದು ಗಾಳಿ. ಇವತ್ತಿನ ರಜೆ ಪೂರ್ತಿ ಅದಕ್ಕೇ ಹೋಯಿತು.

ಮೊದಲು ಡಿಜಿಟಲ್ ಥರ್ಮಾಮೀಟರಿನ ವೈರನ್ನು ಏರ್ ಕ್ಲೀನರ್ (ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಡಬ್ಬಿ) ಮೂತಿಯೊಳಗೆ ಇಳಿಬಿಟ್ಟೆ. ಬಾನೆಟ್ ಮುಚ್ಚಿ ಒಂದು ಸುತ್ತು ಹೋಗಿಬಂದೆ. ಹೊರಗೆ 33 ಡಿಗ್ರಿ. ಸಿಗ್ನಲ್ಲಿನಲ್ಲಿ ನಿಂತಾಗ ಮೂತಿಯಲ್ಲಿ 58! ಗಾಳಿ ಕಾದಷ್ಟೂ ತೆಳುವಾಗುತ್ತದೆ. ಈ ಲೆಕ್ಕದಲ್ಲಿ ಎಂಜಿನ್ನಿಗೆ ಏಳೆಂಟು ಪರ್ಸೆಂಟ್ ಗಾಳಿ ಅಲ್ಲೇ ಖೋತಾ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಮಂಗಳೂರಿಗಿಂತ ಸುಮಾರು ಹತ್ತು ಪರ್ಸೆಂಟ್ ಕಡಿಮೆ. ಅದರ ಮೇಲೆ ಇದು ಬೇರೆ.

ಯಾಕೆ ಇಷ್ಟು ಬಿಸಿ ಅಂದರೆ, ಈ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಗಾಳಿ ಒಳಬರುವ ಇನ್‌ಟೇಕು, ಹೊಗೆ ಹೊರಹೋಗುವ ಎಕ್ಸಾಸ್ಟು ಎರಡೂ ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಒಂದೇ ಮಗ್ಗುಲಲ್ಲಿವೆ. ನಾಲ್ಕು ಸಿಲಿಂಡರಿಗೆ ಇನ್‌ಟೇಕ್ ಬಾಯಿ ಎರಡೇ. ಎಕ್ಸಾಸ್ಟ್ ಬಾಯಿ ಮೂರು. ಹಾಗಾಗಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಯಾವಾಗಲೂ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಹೊಗೆ ಪೈಪುಗಳ ಗೊಂಚಲಿನ) ಪಕ್ಕದಲ್ಲೇ ಇರಬೇಕು. ಪೆಟ್ರೋಲ್ ಆವಿಯಾಗುವಾಗ ಸುತ್ತಲ ಶಾಖ ಎಳೆದುಕೊಳ್ಳುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಕಾರ್ಬುರೇಟರಿನೊಳಗೆ ಮಂಜುಗಡ್ಡೆ ಕಟ್ಟುವುದೂ ಉಂಟು. ಅಲ್ಲಿ ಈ ಬಿಸಿ ಬೇಕು. ನಮ್ಮ ಮಾರ್ಚ್ ತಿಂಗಳಿಗೆ ಏಕೆ ಬೇಕು, ಅಲ್ವಾ?

ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿದ್ದಾಗ ಅಂಗಡಿಯವರು ಕೋನ್ ಫಿಲ್ಟರ್ ತೋರಿಸಿ, "ಇದನ್ನ ಹಾಕಿ ನೋಡಿ ಸರ್, ಸೌಂಡೇ ಬೇರೆ" ಅಂದರು. ಸೌಂಡ್ ಬರುತ್ತದೆ, ನಿಜ. ಆದರೆ ಬಾನೆಟ್ಟಿನೊಳಗೆ ಬಾಯಿ ತೆರೆದುಕೊಂಡು ಕೂರುವ ಫಿಲ್ಟರ್ ಎಳೆಯುವುದು ಅದೇ 58 ಡಿಗ್ರಿ ಗಾಳಿಯನ್ನು. ಫಿಲ್ಟರನ್ನೇ ತೆಗೆದು ಓಡಿಸುವವರೂ ಇದ್ದಾರೆ. ನಮ್ಮ ರಸ್ತೆಯ ಧೂಳಿಗೆ ಪಿಸ್ಟನ್ ರಿಂಗ್ ಎಷ್ಟು ದಿನ ತಡೆಯುತ್ತದೆ? ಹಳೆ ಡಬ್ಬಿಯನ್ನೇ ಉಳಿಸಿಕೊಂಡು, ಒಳಗೆ ಹೊಸ ಪೇಪರ್ ಎಲಿಮೆಂಟ್ ಹಾಕಿದೆ.

4000 ಆರ್‌ಪಿಎಂನಲ್ಲಿ ಈ ಎಂಜಿನ್ ನಿಮಿಷಕ್ಕೆ ಹೆಚ್ಚುಕಡಿಮೆ 2200 ಲೀಟರ್ ಗಾಳಿ ಎಳೆಯುತ್ತದೆ. ಅದಕ್ಕೆ ಎರಡೂವರೆ ಇಂಚಿನ ಪೈಪ್ ಧಾರಾಳ. ರೇಡಿಯೇಟರಿನ ಪಕ್ಕದಿಂದ, ಗ್ರಿಲ್ಲಿನ ಹಿಂದಿನ ತಂಪು ಜಾಗದಿಂದ, ಏರ್ ಕ್ಲೀನರ್ ಮೂತಿಗೆ ಪೈಪ್ ಎಳೆದೆ. ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಅಲ್ಯೂಮಿನಿಯಂ ತಗಡಿನ ಮರೆ ಕಟ್ಟಿದೆ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಮಾತ್ರ ಒಂದು ಸಣ್ಣ ಬಳೆ. ಕಾರ್ಬುರೇಟರ್ ಬಾಯಿಯ ಅಂಚು ಚೂಪಾಗಿದ್ದರೆ ಗಾಳಿ ಅಲ್ಲಿ ಗೋಡೆ ಬಿಟ್ಟು ಸುಳಿಯುತ್ತದೆ, ದಾರಿ ಕಿರಿದಾಗುತ್ತದೆ. ಲೇತ್ ಅಂಗಡಿಯಲ್ಲಿ ಕಹಳೆಯ ಬಾಯಿಯಂತೆ ಅಂಚು ದುಂಡಗಿರುವ ಅಲ್ಯೂಮಿನಿಯಂ ಬಳೆ ಕಡೆಸಿ ತಂದಿದ್ದೆ. ಡಬ್ಬಿಯ ಒಳಗೆ, ಕಾರ್ಬುರೇಟರ್ ಬಾಯಿಗೆ ಸರಿಯಾಗಿ ಅದನ್ನು ಕೂರಿಸಿದೆ. ನನ್ನ ಗಾಡಿಯಲ್ಲಿರುವುದು ಎಸ್‌ಯು ಕಾರ್ಬುರೇಟರ್, ಒಳಗೆ ಮೇಲೆ ಕೆಳಗೆ ಆಡುವ ಅದರದೇ ಪಿಸ್ಟನ್ ಇರುವಂಥದ್ದು. ಏರ್ ಕ್ಲೀನರ್ ಕೂರುವ ಅದರ ಫ್ಲೇಂಜಿನಲ್ಲಿ (ಅಂಚುಪಟ್ಟಿಯಲ್ಲಿ) ಸಣ್ಣ ಗಾಳಿ ತೂತುಗಳಿರುತ್ತವೆ. ಗ್ಯಾಸ್ಕೆಟ್ ತಲೆಕೆಳಗಾಗಿ ಕೂತು ಅವು ಮುಚ್ಚಿಹೋದರೆ ಒಳಗಿನ ಪಿಸ್ಟನ್ ಸರಿಯಾಗಿ ಮೇಲೇಳುವುದಿಲ್ಲ. ಆಗ ಎಷ್ಟು ಖರ್ಚು ಮಾಡಿದ್ದರೂ ಸುಮ್ನೆ. ಟಾರ್ಚ್ ಹಿಡಿದು ತೂತಿಗೆ ತೂತು ಹೊಂದಿಸಿಯೇ ಬೋಲ್ಟ್ ಬಿಗಿ ಮಾಡಿದೆ.

ಗಾಳಿ ಜಾಸ್ತಿಯಾದ ಮೇಲೆ ಮಿಕ್ಸ್ಚರ್, ಅಂದರೆ ಗಾಳಿ-ಪೆಟ್ರೋಲ್ ಪ್ರಮಾಣ, ನೋಡಲೇಬೇಕು. ಎಂಜಿನ್ ಚೆನ್ನಾಗಿ ಕಾದ ಮೇಲೆ ಕಾರ್ಬುರೇಟರಿನ ಪಿಸ್ಟನ್ನನ್ನು ಒಂದು ಕೂದಲೆಳೆಯಷ್ಟು ಎತ್ತಿದೆ. ಐಡ್ಲಿಂಗ್ (ನಿಂತ ಗಾಡಿಯಲ್ಲಿ ಎಂಜಿನ್ ತಿರುಗುವ ವೇಗ) ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಕುಸಿದರೆ ಕಡಿಮೆ. ಒಂಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ. ನನ್ನದು ಕುಸಿಯಿತು. ಪೆಟ್ರೋಲ್ ಬಿಡುವ ಜೆಟ್ಟಿನ ನಟ್ಟನ್ನು ಆರನೇ ಒಂದು ಸುತ್ತು ಕೆಳಗಿಳಿಸಿ ಪೆಟ್ರೋಲ್ ಹೆಚ್ಚಿಸಿದೆ, ಸರಿಹೋಯಿತು. ಆ ಪಿಸ್ಟನ್ನಿನ ಓಟ ನಿಧಾನಿಸುವ ಡ್ಯಾಶ್‌ಪಾಟಿಗೆ ಎಣ್ಣೆಯನ್ನೂ ತುಂಬಿಸಿದೆ.

ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಮತ್ತೆ ಹೊರಟೆ. ಓಡುವಾಗ ಮೂತಿಯಲ್ಲಿ 37, ಸಿಗ್ನಲ್ಲಿನಲ್ಲಿ 44. ರೇಸ್ ಕಾರೇನೂ ಆಗಿಲ್ಲ, ಆಗುವುದೂ ಬೇಡ. ಆದರೆ ಫ್ಲೈಓವರ್ ಏರುವಾಗ ಮೂರನೇ ಗೇರಿನಲ್ಲೇ ಎಳೆಯಿತು. ನಿನ್ನೆವರೆಗೂ ಅಲ್ಲಿ ಎರಡಕ್ಕೆ ಇಳಿಸಬೇಕಿತ್ತು.

ಹೆಡ್ ಬಿಚ್ಚಿ ಪೋರ್ಟ್ (ಒಳಗೆ ಗಾಳಿ ಹೋಗುವ ದಾರಿ) ಉಜ್ಜಿಸಿ ಎನ್ನುವ ಸಲಹೆಯೂ ಬರುತ್ತಿದೆ. ಈ ಹೆಡ್ಡಿನಲ್ಲಿ ಪೆಟ್ರೋಲ್ ಉರಿಯುವ ಹೃದಯದಾಕಾರದ ಚೇಂಬರ್ ರೂಪಿಸಿದ್ದು ಹ್ಯಾರಿ ವೆಸ್ಲೇಕ್. ಗಾಳಿಯ ಹರಿವನ್ನು ಅಳೆದಳೆದು ಕೆಲಸ ಮಾಡಿದ ಎಂಜಿನಿಯರ್. ಅಂಥವರ ಕೆಲಸಕ್ಕೆ ಕಣ್ಣಳತೆಯಲ್ಲಿ ಗ್ರೈಂಡರ್ ಹಿಡಿಯುವುದಕ್ಕೆ ನನಗೆ ಮನಸ್ಸಿಲ್ಲ.

ಮಳೆಗಾಲಕ್ಕೆ ಮುಂಚೆ ಪೈಪಿನ ಬಾಯಿಗೆ ಜಾಲರಿ ಹಾಕಬೇಕು, ತಗ್ಗಿನ ಜಾಗದಲ್ಲಿ ನೀರು ಇಳಿಯಲು ಒಂದು ತೂತು ಕೊರೆಯಬೇಕು. ಒಂದು ವಾರ ಓಡಿಸಿ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತೇನೆ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ, ಅದರ ಅಳತೆ ಹಿಡಿಯುವ ಬೇರೆ ನೀಡಲ್ ಹುಡುಕಬೇಕಾಗುತ್ತದೆ.